ಪೈನ್ ಮರಗಳ ಹಿಂದೆ ಇಳಿದದ್ದು

ಮೆಲ್ಬರ್ನ್ ನಗರದ ನಡುವಿನಿಂದ ಆಗ್ನೇಯಕ್ಕೆ ಹೊರಡುವ ರೈಲು ಹಂಟಿಂಗ್‌ಡೇಲ್, ಕ್ಲೇಟನ್ ಸ್ಟೇಷನ್ನುಗಳನ್ನು ದಾಟಿದ ಮೇಲೆ ಬರುವುದು ವೆಸ್ಟಾಲ್. ಕ್ಲೇಟನ್‌ನಲ್ಲಿ ಮೊನಾಶ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ದಂಡುಗಟ್ಟಿ ಇಳಿದುಹೋಗುತ್ತಾರೆ. ಅಲ್ಲಿಯವರೆಗೆ ತೆಲುಗು, ಪಂಜಾಬಿ, ಸಿಂಹಳ, ಚೀನೀ ಮಾತುಗಳಿಂದ ಗಿಜಿಗುಡುತ್ತಿದ್ದ ಬೋಗಿ ಒಮ್ಮೆಲೇ ಬಿಕೋ ಎನ್ನುತ್ತದೆ. ವೆಸ್ಟಾಲ್‌ನಲ್ಲಿ ಪ್ರವಾಸಿಗರು ಇಳಿಯುವುದಿಲ್ಲ. ಇಳಿದು ನೋಡಲು ಸಮುದ್ರವಿಲ್ಲ, ಬೆಟ್ಟವಿಲ್ಲ, ಹೆಸರಾಂತ ಕಟ್ಟಡವಿಲ್ಲ. ಸಾಲು ಸಾಲು ಹೆಂಚಿನ ಮನೆಗಳು, ಅಂಗಳದಲ್ಲಿ ನಿಂಬೆಗಿಡ, ಗೇಟಿನ ಮುಂದೆ ಕಸದ ಡಬ್ಬಿ, ಒಂದು ಹೈಸ್ಕೂಲು.

ನಾನು ಅಷ್ಟು ದೂರದಿಂದ ಬಂದದ್ದು ಆ ಹೈಸ್ಕೂಲನ್ನು ನೋಡಲಿಕ್ಕೇ.

1966ರ ಏಪ್ರಿಲ್ 6, ಬುಧವಾರ. ಎರಡು ದಿನ ಕಳೆದರೆ ಗುಡ್ ಫ್ರೈಡೇ, ಮಕ್ಕಳ ಮನಸ್ಸೆಲ್ಲ ಈಸ್ಟರ್ ರಜೆಯ ಮೇಲೆ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ವೆಸ್ಟಾಲ್ ಹೈಸ್ಕೂಲಿನ ಆಟದ ಬಯಲಲ್ಲಿ ಒಂದು ತರಗತಿಯ ಪಿ.ಟಿ. ಪೀರಿಯಡ್ ನಡೆಯುತ್ತಿತ್ತು. ಆಗ ಯಾರೋ ಆಕಾಶದತ್ತ ಕೈ ತೋರಿಸಿದರು. ಬೂದು ಬಣ್ಣದ, ತಟ್ಟೆಯಾಕಾರದ, ತುಸು ನೇರಳೆ ಛಾಯೆಯ ಒಂದು ವಸ್ತು; ಎರಡು ಕಾರು ಸೇರಿಸಿದಷ್ಟು ದೊಡ್ಡದು. ಅದು ಶಾಲೆಯ ನೈಋತ್ಯ ಮೂಲೆಯ ಮೇಲೆ ಹಾದು, ಪೈನ್ ಮರಗಳ ಸಾಲಿನ ಹಿಂದೆ 'ಗ್ರೇಂಜ್' ಎಂದು ಕರೆಯುವ ಹುಲ್ಲುಗಾವಲಿನ ಕಡೆಗೆ ಇಳಿಯಿತು. ಸುದ್ದಿ ತರಗತಿಯಿಂದ ತರಗತಿಗೆ ಹಬ್ಬಿ ಮಕ್ಕಳು ಹೊರಗೆ ಓಡಿಬಂದರು. ಕೆಲವರು ಬೇಲಿ ಹಾರಿ ಗ್ರೇಂಜ್‌ನತ್ತ ಓಡಿದರು. ಸುಮಾರು 20 ನಿಮಿಷದ ಮೇಲೆ ಆ ವಸ್ತು ಮೇಲಕ್ಕೆದ್ದು, ಭಾರೀ ವೇಗದಲ್ಲಿ ವಾಯವ್ಯಕ್ಕೆ ಹೊರಟುಹೋಯಿತು. ಅಷ್ಟರಲ್ಲಿ ಅದನ್ನು ನೋಡಿದವರು 200ಕ್ಕೂ ಹೆಚ್ಚು ಮಂದಿ. ಹೈಸ್ಕೂಲಿನವರು, ಪಕ್ಕದ ಪ್ರಾಥಮಿಕ ಶಾಲೆಯ ಪುಟಾಣಿಗಳು, ಕೆಲವು ಶಿಕ್ಷಕರು. ಅದರ ಸುತ್ತ ಐದು ಸಣ್ಣ ವಿಮಾನಗಳೂ ಹಾರಾಡುತ್ತಿದ್ದವೆಂದು ಹಲವರು ಹೇಳುತ್ತಾರೆ. ಇಳಿದ ಜಾಗದಲ್ಲಿ ಹುಲ್ಲು ವೃತ್ತಾಕಾರವಾಗಿ ಮಲಗಿತ್ತಂತೆ.

ಆಸ್ಟ್ರೇಲಿಯಾದ ಹಾರುವ ತಟ್ಟೆಗಳ ಕಥೆಗಳಲ್ಲಿ ಇಷ್ಟೊಂದು ಜನ ಹಾಡುಹಗಲಲ್ಲಿ ಒಟ್ಟಿಗೆ ನೋಡಿದ ಇನ್ನೊಂದು ಪ್ರಸಂಗವಿಲ್ಲ ಎನ್ನುತ್ತಾರೆ. ನನಗೆ ಇದು ಗೊತ್ತಾದದ್ದು ರೋಸಿ ಜೋನ್ಸ್ ನಿರ್ದೇಶಿಸಿದ 'ವೆಸ್ಟಾಲ್ '66' ಎಂಬ ಸಾಕ್ಷ್ಯಚಿತ್ರದಿಂದ. 2010ರಲ್ಲಿ ಅಲ್ಲಿನ ಟೆಲಿವಿಷನ್ನಿನಲ್ಲಿ ಬಂದ ಚಿತ್ರ. ಅದನ್ನು ನೋಡಿದ ರಾತ್ರಿ ನಿದ್ದೆ ಹತ್ತಲಿಲ್ಲ. ತಟ್ಟೆಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲಿ ಮಾತಾಡುವವರ ಮುಖ. ಐವತ್ತು ದಾಟಿದ ಗಂಡಸರು, ಹೆಂಗಸರು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಕಂಡದ್ದನ್ನು ಹೇಳುವಾಗ ಅವರ ಕೈ ತಾನಾಗಿ ಮೇಲೇಳುತ್ತದೆ, ಕಣ್ಣು ಕ್ಯಾಮೆರಾ ಬಿಟ್ಟು ಎತ್ತಲೋ ಹೋಗುತ್ತದೆ.

ಕ್ಲೇಟನ್‌ನಲ್ಲಿ ಓದುತ್ತಿರುವ ನಮ್ಮಣ್ಣನ ಮಗಳು ನನ್ನ ಜೊತೆಗಿದ್ದಳು. "ಚಿಕ್ಕಪ್ಪ, ಒಂದೇ ಸ್ಟೇಷನ್ ಆಚೆ ಇದೆ, ಇಷ್ಟು ದಿನ ಒಂದು ಸಲನೂ ಇಳಿದಿಲ್ಲ ನಾನು. ಯಾರೂ ಹೇಳೇ ಇಲ್ವಲ್ಲ!" ಎಂದಳು. ಹೇಳುವವರು ಯಾರು? ಈಗ ಇಲ್ಲಿರುವ ಅರ್ಧಕ್ಕರ್ಧ ಜನ ಆಮೇಲೆ ಎಲ್ಲಿಂದಲೋ ಬಂದು ನೆಲೆಸಿದವರು. 1966ರಲ್ಲಿ ಇದು ಊರಿನ ಅಂಚು. ಯುದ್ಧಾನಂತರ ಯುರೋಪಿನಿಂದ ಬಂದ ಕುಟುಂಬಗಳು ಹೊಸದಾಗಿ ಮನೆ ಕಟ್ಟಿಕೊಳ್ಳುತ್ತಿದ್ದವು. ಅವುಗಳ ನಡುವೆ ತರಕಾರಿ ತೋಟ, ಕುದುರೆ ಮೇಯುವ ಬಯಲು. ಮೊನಾಶ್ ವಿಶ್ವವಿದ್ಯಾಲಯ ಶುರುವಾಗಿ ಐದೇ ವರ್ಷ. ಭೌತವಿಜ್ಞಾನದ ಪ್ರಯೋಗಾಲಯಗಳಿದ್ದ ಆ ಕ್ಯಾಂಪಸ್ಸು ಮಕ್ಕಳು ನಿಂತಿದ್ದ ಮೈದಾನದಿಂದ ಕೆಲವೇ ಕಿಲೋಮೀಟರ್ ಉತ್ತರಕ್ಕೆ.

ಶಾಲೆಯ ಬೇಲಿಯ ಹೊರಗೆ ನಿಂತೆವು. ರಜೆಯ ದಿನ, ಮೈದಾನ ಖಾಲಿ. ಅದೂ ಏಪ್ರಿಲ್ ತಿಂಗಳೇ, ಗಡಿಯಾರದಲ್ಲಿ ಹನ್ನೊಂದಕ್ಕೆ ಸ್ವಲ್ಪ ಕಡಿಮೆ. ನಮ್ಮ ಕಡೆಯಿಂದ ಹೋದವರನ್ನು ಆ ನೆಲದಲ್ಲಿ ಮೊದಲು ದಿಕ್ಕುಗೆಡಿಸುವುದು ಸೂರ್ಯ. ನಮ್ಮೂರಲ್ಲಿ ವರ್ಷದ ಬಹುಭಾಗ ದಕ್ಷಿಣಕ್ಕೆ ವಾಲಿ ಸಾಗುವ ಸೂರ್ಯ ಅಲ್ಲಿ ಉತ್ತರದ ಆಕಾಶದಲ್ಲಿ ನಡೆಯುತ್ತಾನೆ. ನಾನು ಗ್ರೇಂಜ್ ಇರುವ ದಕ್ಷಿಣಕ್ಕೆ ಮುಖಮಾಡಿ ನಿಂತಾಗ ಬಿಸಿಲು ನನ್ನ ಬೆನ್ನಿಗಿತ್ತು. ನನ್ನ ನೆರಳು ಮುಂದಕ್ಕೆ, ಬೇಲಿಯ ಕಂಬಿಗಳ ಮೇಲೆ ಬಿದ್ದಿತ್ತು. ಮೈ ಜುಮ್ಮೆಂದಿತು. ಆವತ್ತು ಮಕ್ಕಳೂ ಹೀಗೇ ಸೂರ್ಯನಿಗೆ ಬೆನ್ನು ಮಾಡಿ ನಿಂತಿದ್ದರು. ಅವರ ಕಣ್ಣಿಗೆ ಬಿಸಿಲು ಕೋರೈಸಿಲ್ಲ. ಅವರು ಏನನ್ನು ನೋಡಿದರೋ ಅದರ ಮೇಲೆ ಬೆಳಕು ನೇರವಾಗಿ ಬಿದ್ದಿತ್ತು. ಕಂಡದ್ದು ಏನೇ ಆಗಿರಲಿ, ಚೆನ್ನಾಗಿ ಕಂಡಿತ್ತು. ಈ ಮಾತನ್ನು ಪುಸ್ತಕದಲ್ಲಿ ಓದಿ ತಿಳಿಯಲಾಗದು, ಆ ಜಾಗದಲ್ಲಿ ನಿಲ್ಲಬೇಕು.

ಅಲ್ಲಿಂದ ಗ್ರೇಂಜ್‌ಗೆ ನಡೆದೇ ಹೋಗಬಹುದು. ಓಡಿದರೆ ಇನ್ನೂ ಬೇಗ. ಆವತ್ತು ಓಡಿದವರು ಮಕ್ಕಳು. ಈಗ ಆ ದಾರಿ ತುಂಬ ಮನೆಗಳು. ತಿರುವು ಮುರುವು ದಾಟಿ ಮುಂದೆ ಹೋದರೆ ಇದ್ದಕ್ಕಿದ್ದಂತೆ ಮನೆಗಳು ನಿಂತು ಕಾಡು ಶುರುವಾಗುತ್ತದೆ. ಕಾಡು ಎಂದರೆ ನಮ್ಮ ಮಲೆನಾಡಿನ ಕಾಡಲ್ಲ. ಮರಳು ಮಿಶ್ರಿತ ನೆಲ, ಸೊಟ್ಟ ಸೊಟ್ಟ ನೀಲಗಿರಿ ಮರಗಳು, ಮಂಡಿ ಎತ್ತರದ ಒರಟು ಪೊದೆ. ಮೆಲ್ಬರ್ನ್ ಬೆಳೆಯುವ ಮೊದಲು ಈ ಸೀಮೆಯೆಲ್ಲ ಹೇಗಿತ್ತು ಎಂಬುದಕ್ಕೆ ಉಳಿದ ಒಂದು ತುಂಡು ಇದು. ಕಾಲ ಕೆಳಗೆ ಒಣತೊಗಟೆ ಸುರುಳಿ ಸುರುಳಿಯಾಗಿ ಬಿದ್ದಿತ್ತು. ಬಗ್ಗಿ ಒಂದನ್ನು ಎತ್ತಿಕೊಂಡೆ: ಹೊರಮೈ ಬೂದು, ಒಳಮೈ ಗುಲಾಬಿ, ಕೈಯಲ್ಲಿ ಹಿಡಿದರೆ ಕಾಗದಕ್ಕಿಂತ ಹಗುರ. ಎಲ್ಲೋ ಮೇಲೆ ಮ್ಯಾಗ್‌ಪೈ ಹಕ್ಕಿ ನೀರು ತುಂಬಿದ ಪೀಪಿ ಊದಿದ ಹಾಗೆ ಹಾಡುತ್ತಿತ್ತು. ಮಾತಾಡಬೇಕೆನಿಸಲಿಲ್ಲ. ನಮ್ಮ ಹುಡುಗಿಯೂ ಸುಮ್ಮನೆ ನಡೆಯುತ್ತಿದ್ದಳು, ಆಗಾಗ ತಲೆ ಎತ್ತಿ ಕೊಂಬೆಗಳ ನಡುವಿನ ಆಕಾಶ ನೋಡುತ್ತ.

ಪೊದೆ ಮುಗಿದಲ್ಲಿ ಬಯಲು. ಬಯಲಲ್ಲಿ, ಕಾಲು ಚಾಚಿ ನಿಂತ ಬೆಳ್ಳಿ ಬಣ್ಣದ ದೊಡ್ಡ ಹಾರುವ ತಟ್ಟೆ!

ಕಿಂಗ್ಸ್‌ಟನ್ ನಗರಸಭೆಯವರು 2013ರಲ್ಲಿ ಇಲ್ಲಿ ಮಕ್ಕಳಿಗಾಗಿ ಕಟ್ಟಿಸಿದ ಆಟದ ತಟ್ಟೆ ಅದು. ಹತ್ತಿ ಒಳಗೆ ಹೋಗಬಹುದು, ಜಾರುಬಂಡೆಯಲ್ಲಿ ಹೊರಗೆ ಬರಬಹುದು. ಪಕ್ಕದಲ್ಲಿ 1966ರ ಕಥೆ ಹೇಳುವ ಫಲಕ. ಸರ್ಕಾರದ ಯಾವ ಇಲಾಖೆಯೂ ವೆಸ್ಟಾಲ್‌ನಲ್ಲಿ ಇಂಥದ್ದೇ ನಡೆಯಿತೆಂದು ಇಂದಿಗೂ ಹೇಳಿಲ್ಲ. ಊರಿನ ಆಡಳಿತ ಮಾತ್ರ ತನ್ನ ಮಕ್ಕಳು ಕಂಡದ್ದಕ್ಕೆ ಒಂದು ಗುರುತು ನೆಟ್ಟಿದೆ. ನನಗೆ ಇದು ಬಹಳ ದೊಡ್ಡ ಸಂಗತಿಯಾಗಿ ಕಂಡಿತು. ಒಬ್ಬ ಅಜ್ಜ ಮೊಮ್ಮಗನನ್ನು ತಟ್ಟೆಯ ಮೇಲಿಂದ ಜಾರಿಸಿ ಕೆಳಗೆ ಹಿಡಿದುಕೊಳ್ಳುತ್ತಿದ್ದರು. ಪ್ರತಿ ಸಲ ನೆಲ ಮುಟ್ಟಿದಾಗಲೂ ಹುಡುಗ "ಲ್ಯಾಂಡೆಡ್!" ಎಂದು ಕೂಗುತ್ತಿದ್ದ.

ಆ ಕಾಲದ ಗಾಳಿಯಲ್ಲೇ ಈ ಮಾತು ತುಂಬಿತ್ತು ಎಂಬುದನ್ನೂ ಹೇಳಬೇಕು. ಅದೇ ವರ್ಷ ಜನವರಿ 19ರಂದು ಕ್ವೀನ್ಸ್‌ಲ್ಯಾಂಡಿನ ಟಲ್ಲಿ ಎಂಬಲ್ಲಿ ಬಾಳೆ ಬೆಳೆಯುವ ರೈತರೊಬ್ಬರು ಜವುಗು ಕೊಳದಿಂದ ತಟ್ಟೆಯೊಂದು ಮೇಲೇಳುವುದನ್ನು ಕಂಡೆ ಎಂದರು. ಕೊಳದ ಜೊಂಡು ಸುಳಿಸುಳಿಯಾಗಿ ಮಲಗಿದ್ದ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಏಪ್ರಿಲ್ 2ರಂದು ಮೆಲ್ಬರ್ನಿನದೇ ಬಾಲ್ವಿನ್ ಬಡಾವಣೆಯಲ್ಲಿ ಒಬ್ಬರು ಹೊಳೆಯುವ ವಸ್ತುವೊಂದರ ಫೋಟೋ ತೆಗೆದರು. ಹಾಗಾಗಿ ವೆಸ್ಟಾಲ್‌ನ ಮಕ್ಕಳು ಆಕಾಶದಲ್ಲಿ ಗುರುತು ಸಿಗದ್ದನ್ನು ಕಂಡಾಗ 'ಹಾರುವ ತಟ್ಟೆ' ಎಂದು ಕೂಗಿದ್ದರಲ್ಲಿ ಆಶ್ಚರ್ಯವಿಲ್ಲ. ಹೆಸರು ಆಗಲೇ ಎಲ್ಲರ ನಾಲಿಗೆಯ ಮೇಲಿತ್ತು. ಆದರೆ ಹೆಸರು ಸಿದ್ಧವಾಗಿತ್ತೆಂದ ಮಾತ್ರಕ್ಕೆ ವಸ್ತು ಇರಲಿಲ್ಲ ಎಂದಾಗುವುದಿಲ್ಲ. ಇನ್ನೂರು ಜನರ ಕಣ್ಣು ಒಂದೇ ಕಡೆ ತಿರುಗಬೇಕಾದರೆ ಅಲ್ಲಿ ಏನೋ ಇರಲೇಬೇಕು.

ಮರುದಿನದ 'ದಿ ಏಜ್' ಪತ್ರಿಕೆಯ ಒಳಪುಟದಲ್ಲಿ ಚಿಕ್ಕ ಸುದ್ದಿ ಬಂತು. ಅದು ಬಹುಶಃ ಹವಾಮಾನ ಇಲಾಖೆಯ ಬಲೂನು, ಬೆಳಗ್ಗೆ ಎಂಟೂವರೆಗೆ ಲೇವರ್ಟನ್‌ನಿಂದ ಬಿಟ್ಟದ್ದು, ಪಡುವಣ ಗಾಳಿಗೆ ಇತ್ತ ಬಂದಿರಬಹುದು ಎಂಬ ವಿವರಣೆ. ಸ್ಥಳೀಯ 'ಡ್ಯಾಂಡಿನಾಂಗ್ ಜರ್ನಲ್' ಮಾತ್ರ ಅಷ್ಟಕ್ಕೇ ಬಿಡದೆ ಎರಡು ವಾರ ಇದರ ಬೆನ್ನು ಹತ್ತಿತು. ಶಾಲೆ ಬಾಯಿ ಬಿಡುತ್ತಿಲ್ಲ ಎಂಬುದೇ ಅದರ ಮುಖ್ಯ ದೂರು. ಹೆಡ್ಮಾಸ್ತರರು ಮಕ್ಕಳನ್ನೆಲ್ಲ ಒಟ್ಟು ಸೇರಿಸಿ, ಇದರ ಬಗ್ಗೆ ಹೊರಗೆ ಯಾರ ಹತ್ತಿರವೂ ಮಾತಾಡಕೂಡದು ಎಂದು ತಾಕೀತು ಮಾಡಿದರೆಂದು ಅಂದಿನ ವಿದ್ಯಾರ್ಥಿಗಳು ಒಂದೇ ದನಿಯಲ್ಲಿ ಹೇಳುತ್ತಾರೆ. ಸೂಟು ಹಾಕಿದವರು, ಸಮವಸ್ತ್ರದವರು ಗ್ರೇಂಜ್‌ಗೆ ಬಂದು ಹೋದದ್ದನ್ನು ಕಂಡವರಿದ್ದಾರೆ. ಚಾನೆಲ್ 9ರವರು ಬಂದು ಮಕ್ಕಳ ಮಾತನ್ನು ಚಿತ್ರೀಕರಿಸಿದ್ದರು. ದಶಕಗಳ ನಂತರ ಹುಡುಕಿದರೆ ಆ ಸುರುಳಿ ಸಿಗಲಿಲ್ಲ. ಎಲ್ಲರಿಗಿಂತ ಮೊದಲು ಗ್ರೇಂಜ್ ತಲುಪಿದ ಒಬ್ಬ ಹುಡುಗಿ ಅಲ್ಲೇ ಕುಸಿದಳು, ಆಂಬುಲೆನ್ಸಿನಲ್ಲಿ ಹೋದವಳು ಮತ್ತೆ ಶಾಲೆಗೆ ಬರಲಿಲ್ಲ ಎಂದು ಸಹಪಾಠಿಗಳು ನೆನೆಯುತ್ತಾರೆ.

ಹಾಗೆ ಬಾಯಿಗೆ ಬೀಗ ಬಿದ್ದದ್ದು ನಾಲ್ಕು ದಶಕ. 2005ರಲ್ಲಿ ಕ್ಯಾನ್‌ಬೆರಾದ ಶೇನ್ ರಯಾನ್ ಎಂಬವರು ಸಾಕ್ಷಿಗಳನ್ನು ಹುಡುಕಲು ಹೊರಟರು. ಅವರು ಆ ಶಾಲೆಯಲ್ಲಿ ಓದಿದವರಲ್ಲ, ವಿಜ್ಞಾನಿಯೂ ಅಲ್ಲ. ಒಬ್ಬರಿಂದ ಇನ್ನೊಬ್ಬರತ್ತ ಎಳೆ ಹಿಡಿದು ಹೋಗಿ ನೂರಕ್ಕೂ ಹೆಚ್ಚು ಜನರನ್ನು ಮುಟ್ಟಿದರು. 2006ರ ಏಪ್ರಿಲ್ 8ರಂದು, ನಲವತ್ತು ವರ್ಷದ ನೆನಪಿಗೆ, ವೆಸ್ಟಾಲ್ ಟೆನಿಸ್ ಕ್ಲಬ್ಬಿನ ಹಾಲ್‌ನಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿದರು. ರೋಸಿ ಜೋನ್ಸ್ ಅವರ ಚಿತ್ರ ಈ ರಯಾನ್ ಹಿಂದೆಯೇ ಹೋಗುತ್ತದೆ. ಅನ್ಯಗ್ರಹದವರನ್ನು ಹುಡುಕುವ ಚಿತ್ರಗಳಲ್ಲಿ ಸಾಮಾನ್ಯವಾಗಿ ಇರುವ ಢಣಢಣ ಸಂಗೀತ, ಗ್ರಾಫಿಕ್ಸ್‌ಗಳ ಆರ್ಭಟದ ಮೇಲೆ ಈ ಚಿತ್ರ ನಿಂತಿಲ್ಲ. ಕೇಳುವವನೊಬ್ಬ ಸಿಕ್ಕಾಗ ಮನುಷ್ಯರು ಹೇಗೆ ಬಿಚ್ಚಿಕೊಳ್ಳುತ್ತಾರೆ ಎಂಬುದೇ ಅದರ ಜೀವ. ಗಂಡನಿಗೂ ಹೇಳದೆ ಇಟ್ಟುಕೊಂಡವರು, ಮನೆಯಲ್ಲಿ ನಗೆಗೀಡಾಗಿ ಸುಮ್ಮನಾದವರು, ಅಕ್ಕಪಕ್ಕ ಕೂತು ನೋಡಿದ್ದನ್ನು ಬೇರೆ ಬೇರೆಯಾಗಿ ನೆನೆಯುವವರು. ವಿವರಗಳು ಹೊಂದುವುದಿಲ್ಲ. ಒಬ್ಬರು ಒಂದು ತಟ್ಟೆ ಎನ್ನುತ್ತಾರೆ, ಇನ್ನೊಬ್ಬರು ಹೆಚ್ಚು. ನಲವತ್ತು ವರ್ಷದ ನೆನಪು ಹಾಗೆಯೇ ಇರುತ್ತದೆ. ಎಲ್ಲರೂ ಒಂದೇ ಪಾಠ ಒಪ್ಪಿಸಿದ್ದರೆ ನನಗೆ ಅನುಮಾನ ಬರುತ್ತಿತ್ತು.

ಇದ್ದುದರಲ್ಲಿ ಹಳೆಯ, ಹಾಗಾಗಿ ಬೆಲೆಬಾಳುವ ಸಾಕ್ಷ್ಯ ಇನ್ನೊಂದಿದೆ. ಅರಿಜೋನಾ ವಿಶ್ವವಿದ್ಯಾಲಯದ ವಾಯುಮಂಡಲ ವಿಜ್ಞಾನಿ ಜೇಮ್ಸ್ ಮೆಕ್‌ಡೊನಾಲ್ಡ್ 1967ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದಿದ್ದಾಗ ವೆಸ್ಟಾಲ್‌ನ ವಿಜ್ಞಾನ ಶಿಕ್ಷಕ ಆಂಡ್ರ್ಯೂ ಗ್ರೀನ್‌ವುಡ್ ಅವರ ಮಾತನ್ನು ಟೇಪ್ ಮಾಡಿಕೊಂಡರು. ಘಟನೆ ನಡೆದು ಒಂದೇ ವರ್ಷ ಕಳೆದಿತ್ತು. ವಿಮಾನಗಳು ಹತ್ತಿರ ಬಂದಾಗಲೆಲ್ಲ ಆ ವಸ್ತು ಸರಕ್ಕನೆ ಜಾರಿ ದೂರ ನಿಲ್ಲುತ್ತಿತ್ತು, ಇದು ಮತ್ತೆ ಮತ್ತೆ ನಡೆಯಿತು ಎಂಬುದು ಅವರ ಹೇಳಿಕೆಯ ತಿರುಳು. ಹೇಳಿದವರು ಹದಿಮೂರರ ಹುಡುಗರಲ್ಲ, ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರು.

ಹಾಗಾದರೆ ಅದು ಏನು?

ಈಚಿನ ವರ್ಷಗಳಲ್ಲಿ ಗಟ್ಟಿಯಾಗಿ ಕೇಳಿಬಂದ ಉತ್ತರ 'ಹೈಬಾಲ್'. 1960ರ ದಶಕದಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯಾ ಒಟ್ಟಾಗಿ ನಡೆಸಿದ ಬಲೂನು ಯೋಜನೆ ಇದು. ವಿಕ್ಟೋರಿಯಾದ ವಾಯವ್ಯ ಮೂಲೆಯ ಮಿಲ್ಡುರಾದಿಂದ ದೈತ್ಯ ಬಲೂನುಗಳನ್ನು ಬಿಟ್ಟು, ವಾಯುಮಂಡಲದ ಬಹು ಎತ್ತರದ ಪದರಗಳಲ್ಲಿ ತೇಲುವ ಅಣುಧೂಳನ್ನು ಹೀರಿ ತರುತ್ತಿದ್ದರು. ಬೆಳ್ಳಿಬಿಳುಪಿನ ಬಲೂನು, ಕೆಳಗೆ ಸುಮಾರು 180 ಕಿಲೋ ಉಪಕರಣ, ಇಳಿಸಲು 12 ಮೀಟರಿನ ಪ್ಯಾರಾಚೂಟು. ಹಿಂದೆಯೇ ಒಂದು ಸಣ್ಣ ವಿಮಾನ. ಅದರಿಂದ ರೇಡಿಯೋ ಸಂಕೇತ ಕೊಟ್ಟರೆ ಉಪಕರಣ ಕಳಚಿ ಇಳಿಯುತ್ತಿತ್ತು. 1966ರ ಏಪ್ರಿಲ್ 5ಕ್ಕೆ ಇಂಥದೊಂದು ಹಾರಾಟ ನಿಗದಿಯಾಗಿತ್ತೆಂದು, ಅದು ದಾರಿ ತಪ್ಪಿ ಇಲ್ಲಿ ಇಳಿದಿರಬಹುದೆಂದು ಸಂಶೋಧಕ ಕೀತ್ ಬ್ಯಾಸ್ಟರ್‌ಫೀಲ್ಡ್ ರಾಷ್ಟ್ರೀಯ ಪತ್ರಾಗಾರದ ಕಡತಗಳ ಆಧಾರದ ಮೇಲೆ ವಾದಿಸಿದರು. ಆ ಹಾರಾಟ ಎಲ್ಲಿ ಮುಗಿಯಿತೆಂದು ಹೇಳುವ ಕಾಗದವೇ ಸಿಕ್ಕಿಲ್ಲ.

ಈ ವಾದ ಬಹಳಷ್ಟನ್ನು ಬಿಡಿಸುತ್ತದೆ. ವಿಮಾನ ಯಾಕೆ ಬಂತು, ಅಧಿಕಾರಿಗಳು ಯಾಕೆ ಬಂದರು, ಮಕ್ಕಳ ಬಾಯಿ ಯಾಕೆ ಮುಚ್ಚಿಸಿದರು? ಅದಕ್ಕೆ ಹಿನ್ನೆಲೆ ಬೇಕು. 1952ರಿಂದ ಬ್ರಿಟನ್ ತನ್ನ ಅಣುಬಾಂಬುಗಳನ್ನು ಆಸ್ಟ್ರೇಲಿಯಾದ ನೆಲದಲ್ಲಿ ಸಿಡಿಸಿ ಪರೀಕ್ಷಿಸಿತು. ಮೊದಲು ಮಾಂಟೆ ಬೆಲ್ಲೊ ದ್ವೀಪಗಳಲ್ಲಿ, ಆಮೇಲೆ ಎಮು ಫೀಲ್ಡ್, ಮರಲಿಂಗಾ ಮರುಭೂಮಿಯಲ್ಲಿ. ಆ ಧೂಳು ಅಲ್ಲಿನ ಮೂಲನಿವಾಸಿಗಳ ಮೈಮೇಲೆ ಬಿತ್ತು. ಸತ್ಯ ಪೂರ್ತಿ ಹೊರಬರಲು 1984–85ರ ರಾಯಲ್ ಕಮಿಷನ್ ಬೇಕಾಯಿತು. ಅಣುಧೂಳಿನ ವಿಷಯ ಬಂದರೆ ನಡುಗುತ್ತಿದ್ದ ಸರ್ಕಾರ, ತನ್ನ ಬಲೂನು ಶಾಲೆಯ ಪಕ್ಕ ಬಿದ್ದಿದ್ದರೆ ಹೀಗೇ ನಡೆದುಕೊಳ್ಳುತ್ತಿತ್ತು.

ಆದರೆ ಗಾಳಿ ಹೋದತ್ತ ಹೋಗುವ ಬಲೂನು ಇಳಿದು, ಮತ್ತೆ ಎದ್ದು, ಪಡುವಣ ಗಾಳಿಗೆ ಎದುರಾಗಿ ವಾಯವ್ಯಕ್ಕೆ ನೆಗೆಯುವುದು ಹೇಗೆ? ವಿಮಾನದ ಹಿಂದೆ ಕಟ್ಟಿ ಎಳೆಯುವ ನೈಲಾನ್ ಗುರಿಚೀಲವಿರಬಹುದೆಂದು ಹೇಳುವವರಿದ್ದಾರೆ. ಅದು ನೆಲಕ್ಕಿಳಿದು ಹುಲ್ಲು ಮಲಗಿಸುವುದಿಲ್ಲ. ನೋಡಿದವರಲ್ಲಿ ಹೆಚ್ಚಿನವರು ಇಂದಿಗೂ ಬಲೂನಿನ ಮಾತನ್ನು ಒಪ್ಪುವುದಿಲ್ಲ.

ಬಲೂನಿನ ವಿಷಯ ಬಂದಾಗ ನನಗೆ ಬೀದರ್ ಜಿಲ್ಲೆಯ ಜಲಸಂಗಿ ನೆನಪಾಯಿತು. ಹುಮನಾಬಾದ್ ತಾಲ್ಲೂಕಿನ ಆ ಹಳ್ಳಿಯಲ್ಲಿ 2025ರ ಜನವರಿಯಲ್ಲಿ ಆಕಾಶದಿಂದ ಭಾರೀ ಬಲೂನೊಂದು ಉಪಕರಣ ಸಮೇತ ಇಳಿದು ಊರೆಲ್ಲ ಬೆರಗಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೈದರಾಬಾದ್ ಕೇಂದ್ರದಿಂದ ಹಾರಿಬಿಟ್ಟದ್ದು ಅದು. ಅಲ್ಲಿಂದ ಬಲೂನು ಬಿಡುವ ಕಾಲಕ್ಕೆ ಮೊದಲೇ ಪ್ರಕಟಣೆ ಕೊಡುತ್ತಾರೆ, ಸಿಕ್ಕವರು ಯಾರಿಗೆ ತಿಳಿಸಬೇಕೆಂದು ಉಪಕರಣದ ಮೇಲೆ ವಿಳಾಸ ಅಂಟಿಸಿರುತ್ತಾರೆ. ಹಾಗಾಗಿ ಜಲಸಂಗಿಯ ಬೆರಗು ಕೆಲವೇ ಗಂಟೆಗಳಲ್ಲಿ ತಿಳಿವಳಿಕೆಯಾಯಿತು. ವೆಸ್ಟಾಲ್‌ನಲ್ಲಿ ಬಿದ್ದದ್ದು ಬಲೂನೇ ಆಗಿದ್ದರೆ, ಅಂದೇ ಸಂಜೆ ಒಬ್ಬರು ಬಂದು ಮಕ್ಕಳಿಗೆ ಅದನ್ನು ಬಿಡಿಸಿ ಹೇಳಿದ್ದರೆ ಸಾಕಿತ್ತು. ಜಲಸಂಗಿಯ ಇನ್ನೊಂದು ಸಂಗತಿ ಓದುಗರಲ್ಲಿ ಹಲವರಿಗೆ ಗೊತ್ತು: ಕಲ್ಯಾಣ ಚಾಲುಕ್ಯರ ಕಾಲದ ಅಲ್ಲಿನ ದೇವಾಲಯದ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಒಂಬೈನೂರು ವರ್ಷದಿಂದ ಅವಳ ಕೈ ಅಕ್ಷರದ ಮೇಲಿದೆ. ವೆಸ್ಟಾಲ್‌ನ ಇನ್ನೂರು ಮಕ್ಕಳಲ್ಲಿ ಪ್ರತಿಯೊಬ್ಬರ ಕೈಗೂ ಆವತ್ತು ಪೆನ್ಸಿಲು ಕೊಟ್ಟು, ನೋಡಿದ್ದನ್ನು ಬರೆಯಿರಿ, ಚಿತ್ರ ಬಿಡಿಸಿರಿ ಎಂದು ಶಾಲೆಯೇ ಹೇಳಿದ್ದರೆ!

ಮಧ್ಯಾಹ್ನ ಗ್ರೇಂಜ್‌ನ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದೆವು. ತಲೆಯ ಮೇಲೆ ಒಂದರ ಹಿಂದೊಂದು ಸಣ್ಣ ವಿಮಾನಗಳು ಗುಂಯ್‌ಗುಡುತ್ತ ಹೋಗುತ್ತಿದ್ದವು. ನೈಋತ್ಯಕ್ಕೆ ಕೆಲವೇ ಕಿಲೋಮೀಟರಿನಲ್ಲಿ ಮೂರಾಬಿನ್ ವಿಮಾನ ನಿಲ್ದಾಣ, ಹಾರಾಟ ಕಲಿಯುವವರ ತಾಣ. 1978ರ ಅಕ್ಟೋಬರ್ 21ರ ಸಂಜೆ ಇಪ್ಪತ್ತರ ಹರೆಯದ ಫ್ರೆಡರಿಕ್ ವ್ಯಾಲೆಂಟಿಚ್ ಸೆಸ್ನಾ ವಿಮಾನದಲ್ಲಿ ಅಲ್ಲಿಂದಲೇ ಕಿಂಗ್ ದ್ವೀಪದತ್ತ ಹೊರಟಿದ್ದ. ತನ್ನ ಮೇಲೆ ಗುರುತು ಸಿಗದ ಏನೋ ಸುಳಿದಾಡುತ್ತಿದೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದಂತೆಯೇ ದನಿ ಕಡಿದುಹೋಯಿತು. ಬಾಸ್ ಜಲಸಂಧಿಯ ಮೇಲೆ ಮಾಯವಾದ ಆ ಹುಡುಗ ಮತ್ತೆ ಸಿಗಲಿಲ್ಲ. ನಮ್ಮ ಹುಡುಗಿ ಕೈಯಲ್ಲಿದ್ದ ಚಪಾತಿ ಹಾಗೇ ಹಿಡಿದು ಕೇಳಿದಳು: "ಚಿಕ್ಕಪ್ಪ, ನೀವು ಏನಂತೀರಿ? ಬಲೂನಾ, ಅಲ್ವಾ?"

ನನ್ನ ಉತ್ತರ ಇದು. ಆ ಬೆಳಗ್ಗೆ ವೆಸ್ಟಾಲ್‌ನ ಆಕಾಶದಲ್ಲಿ ನಿಜವಾಗಿಯೂ ಒಂದು ವಸ್ತು ಇತ್ತು. ಅದು ಮನುಷ್ಯರು ಮಾಡಿದ್ದೇ ಆಗಿರುವ ಸಾಧ್ಯತೆ ಹೆಚ್ಚು ಎಂದು ನನಗೆ ತೋರುತ್ತದೆ. ಆದರೂ ಅದು ಹೊರಟುಹೋದ ರೀತಿಗೆ ಒಪ್ಪುವ ವಿವರಣೆ ಈವರೆಗೆ ಬಂದಿಲ್ಲ. ಮಕ್ಕಳು ಸುಳ್ಳು ಹೇಳಲಿಲ್ಲ. ಅವರನ್ನು ಗದರಿಸಿ ಸುಮ್ಮನಿರಿಸಿದ್ದು ಅನ್ಯಾಯ. ಆ ಅನ್ಯಾಯದಿಂದಲೇ ಉತ್ತರವೂ ಕಳೆದುಹೋಯಿತು.

ಅಂದು ಬೇಲಿ ಹಾರಿ ಓಡಿದ ಮಕ್ಕಳಿಗೆ ಈಗ ಎಪ್ಪತ್ತು ದಾಟಿದೆ. ಮೆಲ್ಬರ್ನಿನಲ್ಲಿ ಇರುವ ಕನ್ನಡದ ಓದುಗರೇ, ನಿಮ್ಮ ಬೀದಿಯಲ್ಲಿ, ನಿಮ್ಮ ಕಚೇರಿಯಲ್ಲಿ ನಿವೃತ್ತರಾದವರಲ್ಲಿ, ಆಸ್ಪತ್ರೆಯಲ್ಲಿ ನೀವು ಆರೈಕೆ ಮಾಡುವ ಹಿರಿಯರಲ್ಲಿ ಅಂಥ ಒಬ್ಬರು ಇರಬಹುದು. ಸಿಕ್ಕರೆ ಪಕ್ಕದಲ್ಲಿ ಕೂತು ಕೇಳಿ. ಅವರು ಒಪ್ಪಿದರೆ ದಿನಾಂಕ ಹಾಕಿ ಬರೆದಿಡಿ.